ನೆಗಡಿನಾ, ಫ್ಲೂನಾ? ಊರಿನ ಬಸ್ ಹತ್ತೋ ಮುಂಚೆ ನೋಡ್ಕೊಳ್ಳಿ

ಆಫೀಸಿನಲ್ಲಿ ಯಾರಾದರೂ ಎರಡು ಸಲ ಸೀನಿದರೆ ಸಾಕು, "ಫ್ಲೂ ಅಂತೆ" ಅಂತ ಗ್ರೂಪಿನಲ್ಲಿ ಮೆಸೇಜ್ ಬೀಳುತ್ತೆ. ನಮ್ಮೂರು ಮಮದಾಪುರದಲ್ಲಿ ಇದರ ಉಲ್ಟಾ. ಮೂರು ದಿನ ಜ್ವರದಲ್ಲಿ ಮಲಗಿದವರೂ "ಏನಿಲ್ಲ ಬಿಡೋ, ಥಂಡಿ ಆಗೇತಿ" ಅಂತಾರೆ. ಹೆಸರು ತಪ್ಪಿದರೆ ಏನಾಯ್ತು ಅಂತೀರಾ? ಮನೆಯಲ್ಲಿ ವಯಸ್ಸಾದವರಿದ್ದರೆ ಬಹಳ ಆಗುತ್ತೆ.

ನಾನು ಕೋಡ್ ಬರೆಯೋನು, ಡಾಕ್ಟರ್ ಅಲ್ಲ. ಆದರೆ ಬಗ್ ಹುಡುಕುವಾಗ ಕೇಳೋ ಮೊದಲ ಪ್ರಶ್ನೆ ಇಲ್ಲೂ ಕೆಲಸಕ್ಕೆ ಬರುತ್ತೆ: ಹೇಗೆ ಶುರುವಾಯ್ತು?

ನೆಗಡಿ ನಿಧಾನಕ್ಕೆ ಬರುತ್ತೆ. ಮೊದಲು ಗಂಟಲು ಕೆರೆತ, ಆಮೇಲೆ ಸೀನು, ಸುರಿಯೋ ಮೂಗು. ದೊಡ್ಡವರಿಗೆ ಜ್ವರ ಬರೋದು ಅಪರೂಪ. ಮೂಗು ಒರೆಸ್ಕೊಂಡೇ ಕೆಲಸ ಮುಗಿಸಬಹುದು. ವಾರ, ಹತ್ತು ದಿನದಲ್ಲಿ ತಾನೇ ಹೋಗುತ್ತೆ.

ಫ್ಲೂ ಹಾಗಲ್ಲ. ಬೆಳಿಗ್ಗೆ ಮೀಟಿಂಗ್‌ನಲ್ಲಿ ಚೆನ್ನಾಗೇ ಇದ್ದವರು ಸಂಜೆಗೆ ಹೊದ್ದು ಮಲಗಿರ್ತಾರೆ. ಚಳಿ, 101-102 ಡಿಗ್ರಿ ಜ್ವರ, ತಲೆನೋವು, ಮೈಕೈ ನೋವು, ಒಣಕೆಮ್ಮು. ಜ್ವರ ಮೂರ್ನಾಲ್ಕು ದಿನಕ್ಕೆ ಇಳಿದರೂ ಕೆಮ್ಮು, ಸುಸ್ತು ಎರಡು ಮೂರು ವಾರ ಎಳೆಯುತ್ತೆ. ಇಷ್ಟಾದರೂ ಲಕ್ಷಣ ನೋಡಿ ನೂರಕ್ಕೆ ನೂರು ಹೇಳೋಕಾಗಲ್ಲ. ಕೋವಿಡ್ ಕೂಡ ಹೀಗೇ ಕಾಣಿಸಬಹುದು, ಖಚಿತವಾಗೋದು ಪರೀಕ್ಷೆಯಿಂದಲೇ. ಮಳೆಗಾಲದಲ್ಲಿ ಮೂಗು, ಗಂಟಲು ಸರಿಯಿದ್ದು ಬರೀ ಜ್ವರ, ಕಣ್ಣಿನ ಹಿಂದೆ ನೋವು ಇದ್ದರೆ ಡೆಂಗಿ ಇರಬಹುದು. ಆಗ ಪ್ಯಾರಾಸಿಟಮಾಲ್ ಬಿಟ್ಟು ಬೇರೆ ನೋವಿನ ಗುಳಿಗೆ ಬೇಡ.

2023ರ ಮಾರ್ಚ್ 1ರಂದು ಹಾಸನ ಜಿಲ್ಲೆಯಲ್ಲಿ 82 ವರ್ಷದ ಹಿರಿಯರೊಬ್ಬರು ತೀರಿಕೊಂಡರು. ಅವರಿಗೆ ಶುಗರ್, ಬಿಪಿ ಎರಡೂ ಇತ್ತು. ಪರೀಕ್ಷೆಯಲ್ಲಿ ಗೊತ್ತಾಗಿದ್ದು ಎಚ್3ಎನ್2, ಅಂದರೆ ಫ್ಲೂನ ಒಂದು ಬಗೆ. ನಮಗೆ ನಾಲ್ಕು ದಿನದ ಸಿಕ್ ಲೀವ್ ಆಗೋದು ಅವರಂಥವರಿಗೆ ನ್ಯುಮೋನಿಯಾ ಆಗಬಹುದು. ಗರ್ಭಿಣಿಯರು, ಪುಟ್ಟ ಮಕ್ಕಳು, ಅಸ್ತಮಾ ಇರೋರಿಗೂ ಅಪಾಯ ಹೆಚ್ಚು. ಇಂಥವರು ಬೇಗ ಡಾಕ್ಟರ್ ಹತ್ರ ಹೋಗಲೇಬೇಕು. ಫ್ಲೂಗೆ ಕೊಡೋ ಒಸೆಲ್ಟಾಮಿವಿರ್ ಮೊದಲ 48 ಗಂಟೆಯೊಳಗೆ ಶುರುವಾದರೆ ಹೆಚ್ಚು ಕೆಲಸ ಮಾಡುತ್ತೆ. "ಬರೀ ನೆಗಡಿ" ಅಂತ ಕಳೆದ ಎರಡು ದಿನ ಅದೇ 48 ಗಂಟೆ.

ಮೆಡಿಕಲ್ ಶಾಪಿನಲ್ಲಿ ಅಜಿತ್ರೊಮೈಸಿನ್ ಕೇಳಿ ತರೋದನ್ನ ಬಿಡಿ. ಆಂಟಿಬಯೋಟಿಕ್‌ಗೆ ವೈರಸ್ ಬಗ್ಗಲ್ಲ. ಉಸಿರಾಟ ಕಷ್ಟ, ಎದೆನೋವು, ಗೊಂದಲದ ಮಾತು, ಇಳಿದ ಜ್ವರ ಮತ್ತೆ ಏರೋದು ಕಂಡರೆ ಕಾಯಬೇಡಿ, ಆಸ್ಪತ್ರೆಗೆ ಹೋಗಿ.

ಇನ್ನು ಬೆಂಗಳೂರಿಂದ ಗೋಕಾಕಿಗೆ ರಾತ್ರಿ ಸ್ಲೀಪರ್ ಬುಕ್ ಮಾಡಿದೋರಿಗೆ ಒಂದು ಮಾತು. ಫ್ಲೂ ಲಕ್ಷಣ ಕಾಣೋ ಒಂದು ದಿನ ಮೊದಲಿಂದ ಐದಾರು ದಿನದವರೆಗೂ ಹರಡುತ್ತೆ. ಜ್ವರ ಇದ್ದರೆ ಟಿಕೆಟ್ ಕ್ಯಾನ್ಸಲ್ ಮಾಡಿ. ಹಬ್ಬ ತಪ್ಪಿದರೆ ಅವ್ವ ಒಂದು ದಿನ ಬೈತಾಳೆ, ಅಷ್ಟೇ. ಅವತ್ತೇ ಫೋನಿನಲ್ಲಿ, "ಅಪ್ಪಗ ಜ್ವರ ಎಷ್ಟೈತಿ? ಎದ್ದು ಅಡ್ಡಾಡಾಕತ್ತಾನೇನು?" ಅಂತ ಕೇಳಿ. ವರ್ಷಕ್ಕೊಮ್ಮೆ ಹಾಕಿಸೋ ಫ್ಲೂ ಲಸಿಕೆ ಬಗ್ಗೆಯೂ ಅವರ ಡಾಕ್ಟರನ್ನ ವಿಚಾರಿಸಿ.