ಎಂಬತ್ತರ ದಶಕದ ಹಾಡು, ಕಾಲೇಜಿನ ಪ್ರಬಂಧ

ಅಮೆರಿಕದ ಬಹುತೇಕ ವಿಶ್ವವಿದ್ಯಾಲಯಗಳಲ್ಲಿ ಪದವಿಗೆ ಸೇರಿದ ವಿದ್ಯಾರ್ಥಿ ಎಂಜಿನಿಯರಿಂಗ್ ಓದಲಿ, ಸಂಗೀತ ಓದಲಿ, ಮೊದಲ ವರ್ಷ ಬರವಣಿಗೆಯ ಕೋರ್ಸೊಂದನ್ನು ಮುಗಿಸಲೇಬೇಕು. ವಾದ ಕಟ್ಟುವುದು, ಆಧಾರ ಕೊಡುವುದು, ಬೇರೆಯವರ ಮಾತನ್ನು ಅವರದೆಂದು ಒಪ್ಪಿ ಬಳಸುವುದು, ಬರೆದದ್ದನ್ನು ತಿದ್ದಿ ಮತ್ತೆ ಬರೆಯುವುದು ಅಲ್ಲಿ ಕಲಿಯಬೇಕಾದ ವಿದ್ಯೆ. ಈ ಕೋರ್ಸಿನ ತೊಡಕೆಂದರೆ ಇದಕ್ಕೆ ಸ್ವಂತದ ವಿಷಯವಿಲ್ಲ. ಬರೆಯಲು ಕಲಿಸಬೇಕಾದರೆ ಯಾವುದಾದರೂ ಒಂದರ ಬಗ್ಗೆ ಬರೆಸಬೇಕು. ಹಾಗಾಗಿ ಅನೇಕ ಕಾಲೇಜುಗಳು ಒಂದೊಂದು ತರಗತಿಗೆ ಒಂದೊಂದು ವಸ್ತುವನ್ನು ಗೊತ್ತುಮಾಡುತ್ತವೆ. ಊಟ, ಕ್ರೀಡೆ, ವಲಸೆ, ಹವಾಮಾನಗಳ ಸಾಲಿನಲ್ಲಿ ಕಳೆದುಹೋದ ದಶಕದ ಜನಪ್ರಿಯ ಸಂಸ್ಕೃತಿಯೂ ಬಂದು ಕೂತಿದೆ. 1980ರ ದಶಕದ ರಾಕ್ ಹಾಡು, ಎಂಟಿವಿ, ಹದಿಹರೆಯದವರ ಸಿನಿಮಾ, ಟಿವಿ ಜಾಹೀರಾತು ಇವೇ ಅಲ್ಲಿ ಪಠ್ಯ.

ಇದನ್ನು ಕಂಡು ಹುಬ್ಬು ಗಂಟಿಕ್ಕುವವರು ಬಹಳ. ಸಾವಿರಾರು ಡಾಲರ್ ಶುಲ್ಕ ಪಡೆದು ಮಕ್ಕಳಿಗೆ ಹಳೆಯ ಹಾಡು ಕೇಳಿಸುವುದು ಶಿಕ್ಷಣವೇ ಎಂಬುದು ಅವರ ಪ್ರಶ್ನೆ. ವಿದ್ಯಾರ್ಥಿಗೆ ಇಷ್ಟವಾದುದನ್ನು ಕೊಟ್ಟರೆ ಆತ ಬರೆಯುತ್ತಾನೆ ಎಂಬುದು ಸಮರ್ಥಕರ ಉತ್ತರ. ಪ್ರಶ್ನೆಯೂ ಪೊಳ್ಳು, ಉತ್ತರವೂ ಪೊಳ್ಳು. ಹಳೆಯ ದಶಕದ ಜನಪ್ರಿಯ ಸಂಸ್ಕೃತಿ ಬರವಣಿಗೆ ಕಲಿಸಲು ಒಳ್ಳೆಯ ಸಾಮಗ್ರಿ. ಅದು ವಿದ್ಯಾರ್ಥಿಗೆ ಪ್ರಿಯವಾದುದು ಎಂಬುದು ಅದಕ್ಕೆ ಕಾರಣವಲ್ಲ. ಅದು ಆತನಿಗೆ ಅಪರಿಚಿತ, ಆದರೆ ಕೈಗೆಟುಕುವಂಥದ್ದು ಎಂಬುದೇ ಕಾರಣ.

ಹಗುರವಾದ ವಸ್ತು ಎಂಬ ಆಕ್ಷೇಪಕ್ಕೆ ಈ ಕೋರ್ಸಿನ ಚರಿತ್ರೆಯೇ ಉತ್ತರ ಕೊಡುತ್ತದೆ. ಹಾರ್ವರ್ಡ್ 1874ರಲ್ಲಿ ಪ್ರವೇಶ ಪರೀಕ್ಷೆಗೆ ಇಂಗ್ಲಿಷ್ ಪ್ರಬಂಧವನ್ನು ಸೇರಿಸಿತು. 1885ರಲ್ಲಿ 'ಇಂಗ್ಲಿಷ್ ಎ' ಎಂಬ ಕೋರ್ಸನ್ನು ಮೊದಲ ವರ್ಷದವರಿಗೆ ಕಡ್ಡಾಯ ಮಾಡಿತು. ಇಂದಿನ ಕೋರ್ಸುಗಳೆಲ್ಲ ಅದರ ಸಂತಾನ. 1874ರ ಪರೀಕ್ಷೆಗೆ ನಿಗದಿಯಾದ ಕೃತಿಗಳಲ್ಲಿ ಶೇಕ್ಸ್‌ಪಿಯರ್ ನಾಟಕಗಳ ಜೊತೆಗೆ ವಾಲ್ಟರ್ ಸ್ಕಾಟ್‌ನ 'ಐವನ್‌ಹೋ' ಇತ್ತು. 1819ರ ಕೊನೆಯಲ್ಲಿ ಹೊರಬಂದು ಜನ ಮುಗಿಬಿದ್ದು ಓದಿದ ಕಾದಂಬರಿ ಅದು. ಪರೀಕ್ಷೆಯ ಪಟ್ಟಿಗೆ ಬಂದಾಗ ಅದಕ್ಕೆ ಇನ್ನೂ 55 ವರ್ಷ. 1985ರ ರಾಕ್ ಹಾಡಿಗೆ ಈಗ 40 ತುಂಬಿದೆ. ಗ್ರೀಕ್, ಲ್ಯಾಟಿನ್‌ಗಳೇ ವಿದ್ಯೆಯೆನಿಸಿದ್ದ ಕಾಲದಲ್ಲಿ ಇಂಗ್ಲಿಷ್ ಕಾದಂಬರಿಯನ್ನು ಕಾಲೇಜಿನ ಬಾಗಿಲಿಗೆ ತಂದವರು ಮಾಡಿದ್ದೂ ಇದನ್ನೇ. ಇಂದು 'ಶ್ರೇಷ್ಠ' ಎಂದು ಕಾಯಲಾಗುತ್ತಿರುವ ಗಡಿಯನ್ನು ಅವರು ಆಗಲೇ ದಾಟಿದ್ದರು.

ಜಗಳ ನಿಜವಾಗಿ ಕಾವೇರಿದ್ದು 1980ರ ದಶಕದ ಕೊನೆಗೆ. 1987ರಲ್ಲಿ ತತ್ತ್ವಶಾಸ್ತ್ರದ ಪ್ರಾಧ್ಯಾಪಕ ಅಲನ್ ಬ್ಲೂಮ್ 'ದಿ ಕ್ಲೋಸಿಂಗ್ ಆಫ್ ದಿ ಅಮೆರಿಕನ್ ಮೈಂಡ್' ಪುಸ್ತಕದಲ್ಲಿ ಒಂದು ಅಧ್ಯಾಯವನ್ನೇ ಸಂಗೀತಕ್ಕೆ ಮೀಸಲಿಟ್ಟು, ರಾಕ್ ಹಾಡು ಯುವಕರ ಕಲ್ಪನೆಯನ್ನು ಹಾಳುಗೆಡಹಿ ಅವರನ್ನು ಉದಾರ ಶಿಕ್ಷಣಕ್ಕೆ ಒಗ್ಗದಂತೆ ಮಾಡುತ್ತದೆ ಎಂದು ದೂರಿದರು. 1990ರಲ್ಲಿ ಆಸ್ಟಿನ್‌ನ ಟೆಕ್ಸಸ್ ವಿಶ್ವವಿದ್ಯಾಲಯ ಇಂಗ್ಲಿಷ್ 306 ಎಂಬ ಬರವಣಿಗೆಯ ಕೋರ್ಸನ್ನು ಜನಾಂಗ ಮತ್ತು ಲಿಂಗ ತಾರತಮ್ಯದ ವಸ್ತುವಿನ ಸುತ್ತ ಮರುರೂಪಿಸಲು ಹೊರಟಿತು. ಲಿಂಡಾ ಬ್ರಾಡ್ಕಿ ನೇತೃತ್ವದ ಸಮಿತಿ ನ್ಯಾಯಾಲಯದ ತೀರ್ಪುಗಳನ್ನು ಓದಿಸಿ ವಾದ ಮಂಡನೆ ಕಲಿಸಲು ಯೋಜಿಸಿತ್ತು. ಸಹೋದ್ಯೋಗಿಗಳೇ ಪತ್ರಿಕೆಗಳಲ್ಲಿ ವಿರೋಧಿಸಿದರು, ಯೋಜನೆಯನ್ನು ಮುಂದೂಡಲಾಯಿತು, ಮರುವರ್ಷ ಸಮಿತಿ ರಾಜೀನಾಮೆ ಕೊಟ್ಟಿತು. ಅದೇ ವಿಶ್ವವಿದ್ಯಾಲಯದ ಮ್ಯಾಕ್ಸಿನ್ ಹೇರ್‌ಸ್ಟನ್ 1992ರಲ್ಲಿ ಬರೆದ ಲೇಖನದಲ್ಲಿ, ಬರವಣಿಗೆಯ ತರಗತಿ ಮೇಷ್ಟ್ರ ರಾಜಕೀಯಕ್ಕೆ ವೇದಿಕೆಯಾಗಬಾರದು, ವಿದ್ಯಾರ್ಥಿಯ ಬರಹವೇ ಅದರ ಕೇಂದ್ರವಾಗಿರಬೇಕು ಎಂದು ಕಟುವಾಗಿ ವಾದಿಸಿದರು. 1993ರಲ್ಲಿ ಬರವಣಿಗೆಯ ಬೋಧಕಿ ಎರಿಕಾ ಲಿಂಡೆಮನ್ ಈ ಕೋರ್ಸಿನಲ್ಲಿ ಸಾಹಿತ್ಯಕ್ಕೂ ಜಾಗವಿಲ್ಲ ಎಂದರು. ಅಂದರೆ ಆಕ್ಷೇಪ ಸಿನಿಮಾ, ಹಾಡುಗಳಿಗೆ ಮಾತ್ರ ಸೀಮಿತವಲ್ಲ. ತರಗತಿಯಲ್ಲಿ ವಸ್ತು ಯಜಮಾನನಾದರೆ ಶೇಕ್ಸ್‌ಪಿಯರ್‌ನಿಂದಲೂ ಬರವಣಿಗೆ ಕೆಡುತ್ತದೆ.

ಜನಪ್ರಿಯ ಸಂಸ್ಕೃತಿಯನ್ನು ಗಂಭೀರವಾಗಿ ಓದುವ ಪದ್ಧತಿ ಬಂದದ್ದು ಬಹುಮಟ್ಟಿಗೆ ಬ್ರಿಟನ್ನಿನಿಂದ. ರಿಚರ್ಡ್ ಹಾಗರ್ಟ್ 1964ರಲ್ಲಿ ಬರ್ಮಿಂಗ್‌ಹ್ಯಾಮ್‌ನಲ್ಲಿ ಸ್ಥಾಪಿಸಿ, ಆಮೇಲೆ ಸ್ಟುವರ್ಟ್ ಹಾಲ್ ಮುನ್ನಡೆಸಿದ ಸಂಸ್ಕೃತಿ ಅಧ್ಯಯನ ಕೇಂದ್ರವು ಪತ್ರಿಕೆ, ಟಿವಿ, ಯುವಕರ ಉಡುಗೆಗಳನ್ನು ಕೃತಿಗಳಂತೆ ಓದುವ ದಾರಿ ಹಾಕಿತು. ಅಮೆರಿಕದಲ್ಲಿ ಸೋನಿಯಾ ಮಾಸಿಕ್ ಮತ್ತು ಜ್ಯಾಕ್ ಸೊಲೊಮನ್ 1994ರಲ್ಲಿ ತಂದ 'ಸೈನ್ಸ್ (Signs) ಆಫ್ ಲೈಫ್ ಇನ್ ದಿ ಯುಎಸ್ಎ' ಬರವಣಿಗೆಯ ತರಗತಿಗೆಂದೇ ಸಿದ್ಧವಾದ ಪಠ್ಯ. ಮತ್ತೆ ಮತ್ತೆ ಪರಿಷ್ಕರಣೆಗೊಂಡು ಅದು ಮುದ್ರಣ ಕಂಡಿದೆ. ಇಂಥ ಪುಸ್ತಕಗಳು ಬೇಗ ಹಳತಾಗುತ್ತವೆ. ಈ ವರ್ಷದ ಜಾಹೀರಾತು ಮುಂದಿನ ವರ್ಷಕ್ಕೆ ಯಾರಿಗೂ ಬೇಡ. ಮುಗಿದ ದಶಕಕ್ಕೆ ಆ ಕಾಟವಿಲ್ಲ.

ಸಮರ್ಥಕರ ಮುಖ್ಯ ವಾದ ಮುರಿಯುವುದೂ ಇಲ್ಲಿಯೇ. ಇಂದು ಕಾಲೇಜಿಗೆ ಬರುವ ಹದಿನೆಂಟರ ವಿದ್ಯಾರ್ಥಿ ಹುಟ್ಟುವ ಹೊತ್ತಿಗೆ 1980ರ ದಶಕ ಮುಗಿದು ಒಂದೂವರೆ ದಶಕ ಕಳೆದಿತ್ತು. ಅದು ಆತನ ಸಂಸ್ಕೃತಿಯಲ್ಲ, ಆತನ ಮೇಷ್ಟ್ರದು. ಆದರೆ ನಷ್ಟದಂತೆ ಕಾಣುವ ಈ ದೂರವೇ ಲಾಭ. ತಾನು ಆರಾಧಿಸುವ ಗಾಯಕಿಯ ಬಗ್ಗೆ ಬರೆಯುವ ವಿದ್ಯಾರ್ಥಿ ಅಭಿಮಾನಿಯಾಗಿ ಬರೆಯುತ್ತಾನೆ. ಎಲ್ಲರಿಗೂ ಎಲ್ಲ ಗೊತ್ತಿದೆ ಎಂದುಕೊಂಡು ವಿವರಣೆ ಬಿಡುತ್ತಾನೆ, ಪ್ರತಿವಾದ ಕೇಳಿದರೆ ಸಿಟ್ಟಾಗುತ್ತಾನೆ. ಮಹಾಕೃತಿಯ ಬಗ್ಗೆ ಬರೆಯುವಾಗ ನೂರಾರು ವಿಮರ್ಶಕರ ನೆರಳಿನಲ್ಲಿ ನಿಂತು ಅವರ ಮಾತನ್ನೇ ತಿರುಚಿ ಒಪ್ಪಿಸುತ್ತಾನೆ. ನಾಲ್ಕು ದಶಕ ಹಳೆಯ ಹಾಡಿನ ಮುಂದೆ ಅಭಿಮಾನವೂ ಇಲ್ಲ, ಅಂಜಿಕೆಯೂ ಇಲ್ಲ. ಆಗ ಏನಾಯಿತು, ಯಾರು ಏನೆಂದರು, ಯಾಕೆ ಎಂದು ಹುಡುಕಿ, ಗೊತ್ತಿಲ್ಲದ ಓದುಗನಿಗೆ ತಿಳಿಸಿ ಹೇಳಬೇಕಾಗುತ್ತದೆ. ಬರವಣಿಗೆಯ ತರಗತಿಗೆ ಬೇಕಾದ ಕಸರತ್ತು ಇದೇ.

1985ರ ಸೆಪ್ಟೆಂಬರ್ 19ರ ಸೆನೆಟ್ ವಿಚಾರಣೆ ಇದಕ್ಕೆ ಒಳ್ಳೆಯ ಉದಾಹರಣೆ. ಟಿಪ್ಪರ್ ಗೋರ್, ಸೂಸನ್ ಬೇಕರ್ ಮೊದಲಾದ ವಾಷಿಂಗ್ಟನ್ನಿನ ಪ್ರಭಾವಿ ಮಹಿಳೆಯರು ಆ ವರ್ಷ ಕಟ್ಟಿದ್ದ ಪಿಎಂಆರ್‌ಸಿ ಎಂಬ ಸಂಘಟನೆ, ಹಾಡುಗಳಲ್ಲಿ ಹಿಂಸೆ ಮತ್ತು ಲೈಂಗಿಕತೆ ಹೆಚ್ಚಿದೆ, ಪೋಷಕರಿಗೆ ಎಚ್ಚರಿಕೆಯ ಚೀಟಿ ಬೇಕು ಎಂದು ಒತ್ತಾಯಿಸುತ್ತಿತ್ತು. ಆಕ್ಷೇಪಾರ್ಹ ಎನ್ನಲಾದ 15 ಹಾಡುಗಳ ಪಟ್ಟಿಯನ್ನೂ ಅದು ಹೊರಡಿಸಿತ್ತು. ವಿರೋಧವಾಗಿ ಸಾಕ್ಷ್ಯ ನುಡಿದ ಸಂಗೀತಗಾರರು ಮೂವರು: ಫ್ರ್ಯಾಂಕ್ ಜಪ್ಪಾ, ಜಾನ್ ಡೆನ್ವರ್ ಮತ್ತು ಟ್ವಿಸ್ಟೆಡ್ ಸಿಸ್ಟರ್ ತಂಡದ ಡೀ ಸ್ನೈಡರ್. 'ಅಂಡರ್ ದಿ ಬ್ಲೇಡ್' ಎಂಬ ಹಾಡಿನಲ್ಲಿ ಕಟ್ಟಿಹಾಕಿ ಹಿಂಸಿಸುವ ಕಾಮದ ಚಿತ್ರಣವಿದೆ ಎಂಬುದು ಗೋರ್ ಅವರ ಆರೋಪವಾಗಿತ್ತು. ಅದು ಶಸ್ತ್ರಚಿಕಿತ್ಸೆಯ ಭಯದ ಬಗ್ಗೆ ಬರೆದ ಹಾಡು, ತಂಡದ ಗಿಟಾರ್ ವಾದಕನ ಗಂಟಲಿನ ಆಪರೇಷನ್ನಿನಿಂದ ಹುಟ್ಟಿದ್ದು ಎಂದು ಸ್ನೈಡರ್ ಹೇಳಿದರು. ಹುಡುಕಲು ಹೊರಟದ್ದೇ ಆಕೆಗೆ ಸಿಕ್ಕಿತು ಎಂಬುದು ಅವರ ಮಾತಿನ ತಿರುಳು. ಪರ್ವತಗಳ ಸೊಬಗನ್ನು ಕುರಿತ ತಮ್ಮ 'ರಾಕಿ ಮೌಂಟನ್ ಹೈ' ಹಾಡನ್ನು ಮಾದಕವಸ್ತುವಿನ ಹಾಡೆಂದು ತಪ್ಪು ತಿಳಿದು ರೇಡಿಯೊ ಕೇಂದ್ರಗಳು ಪ್ರಸಾರದಿಂದ ಕೈಬಿಟ್ಟಿದ್ದನ್ನು ಡೆನ್ವರ್ ನೆನಪಿಸಿದರು.

ಈ ಒಂದು ದಿನದ ದಾಖಲೆಯಲ್ಲಿ ಒಂದು ಸೆಮಿಸ್ಟರಿನ ಪಾಠವಿದೆ. ಮೊದಲ ಪ್ರಬಂಧಕ್ಕೆ ಒಬ್ಬರ ಸಾಕ್ಷ್ಯವನ್ನು ಕೊಟ್ಟು, ಒಂದು ಪುಟದಲ್ಲಿ ಅದರ ವಾದವನ್ನು ಏರುಪೇರಿಲ್ಲದೆ ಸಂಗ್ರಹಿಸಲು ಹೇಳಬಹುದು. ಅರ್ಧ ತರಗತಿ ಇಲ್ಲಿಯೇ ಎಡವುತ್ತದೆ, ಯಾಕೆಂದರೆ ಸಂಗ್ರಹಿಸುವ ಬದಲು ತೀರ್ಪು ಕೊಡುವುದು ಸುಲಭ. ಎರಡನೆಯದಕ್ಕೆ ಹಾಡಿನ ಸಾಲುಗಳನ್ನು ಮುಂದಿಟ್ಟು, ಗೋರ್ ಓದಿದ ಅರ್ಥಕ್ಕೂ ಸ್ನೈಡರ್ ಹೇಳಿದ ಅರ್ಥಕ್ಕೂ ಪದಗಳಲ್ಲಿ ಎಷ್ಟೆಷ್ಟು ಆಧಾರವಿದೆ ಎಂದು ತೂಗಿಸಬಹುದು. ಬರೆದವನು ಹೇಳಿದ ಮಾತ್ರಕ್ಕೆ ಅದೇ ಅರ್ಥವೇ ಎಂಬ ಪ್ರಶ್ನೆ ತಾನಾಗಿ ಏಳುತ್ತದೆ. ಮೂರನೆಯದಕ್ಕೆ, ಆ ನವೆಂಬರ್‌ನಲ್ಲಿ ರೆಕಾರ್ಡ್ ಕಂಪನಿಗಳ ಸಂಘ ಎಚ್ಚರಿಕೆಯ ಚೀಟಿಗೆ ಒಪ್ಪಿದ್ದು ಸರಿಯೇ ಎಂದು ಎರಡೂ ಕಡೆಯ ಪತ್ರಿಕಾ ಬರಹ ಓದಿ ವಾದಿಸಲು ಬಿಡಬಹುದು. ಯಾವ ಹಂತದಲ್ಲೂ 'ನನಗೆ ಹಾಗನ್ನಿಸುತ್ತದೆ' ಎಂದು ಜಾರಿಕೊಳ್ಳಲಾಗದು. ದಾಖಲೆ ಎಲ್ಲರ ಮುಂದಿರುತ್ತದೆ, ಪಕ್ಕದ ಬೆಂಚಿನವನು ತೆರೆದು ನೋಡುತ್ತಾನೆ.

ಇನ್ನೊಂದು ಉದಾಹರಣೆ 1984ರದು. ಬ್ರೂಸ್ ಸ್ಪ್ರಿಂಗ್‌ಸ್ಟೀನ್ ಆ ವರ್ಷ 'ಬಾರ್ನ್ ಇನ್ ದಿ ಯುಎಸ್ಎ' ಆಲ್ಬಂ ಹೊರತಂದರು. ವಿಯೆಟ್ನಾಂನಿಂದ ಮರಳಿ ಕೆಲಸ ಸಿಗದೆ ಅಲೆಯುವ ಸೈನಿಕನ ಕಥೆ ಅದರ ಶೀರ್ಷಿಕೆ ಗೀತೆ. ಅಂಕಣಕಾರ ಜಾರ್ಜ್ ವಿಲ್ ಅದರಲ್ಲಿ ದೇಶದ ಬಗೆಗಿನ ಹರ್ಷವನ್ನು ಕಂಡರು. ಸೆಪ್ಟೆಂಬರ್‌ನಲ್ಲಿ ನ್ಯೂಜೆರ್ಸಿಯ ಹ್ಯಾಮಂಟನ್‌ನಲ್ಲಿ ಚುನಾವಣಾ ಭಾಷಣ ಮಾಡಿದ ಅಧ್ಯಕ್ಷ ರೇಗನ್ ಈ ಗಾಯಕನ ಹಾಡುಗಳಲ್ಲಿ ಭರವಸೆಯ ಸಂದೇಶವಿದೆ ಎಂದರು. ಚರಣಗಳ ದುಃಖವನ್ನು ಪಲ್ಲವಿಯ ಅಬ್ಬರ ಮುಚ್ಚಿಹಾಕಿದ್ದು ಹೇಗೆ, ಕೇಳುಗ ತನಗೆ ಬೇಕಾದಷ್ಟನ್ನೇ ಕೇಳುವುದು ಹೇಗೆ ಎಂಬುದನ್ನು ಇಷ್ಟು ಸ್ಪಷ್ಟವಾಗಿ ತೋರಿಸುವ ಪಠ್ಯ ವಿರಳ.

ಟೀಕಾಕಾರರ ಎರಡನೆಯ ಆಕ್ಷೇಪ ಮಾತ್ರ ತಳ್ಳಿಹಾಕುವಂಥದ್ದಲ್ಲ. ವಸ್ತು ಬರವಣಿಗೆಯನ್ನು ನುಂಗುತ್ತದೆ ಎಂಬುದು ಆ ಆಕ್ಷೇಪ. ತಮ್ಮ ವಿಶ್ವವಿದ್ಯಾಲಯದ 104 ಬರವಣಿಗೆ ತರಗತಿಗಳ ಪಾಠಯೋಜನೆ ನೋಡಿದಾಗ ನಾಲ್ಕರಲ್ಲಿ ಮಾತ್ರ ಬರವಣಿಗೆಯ ಕಸುಬಿಗೆ ಒತ್ತು ಇತ್ತು, ಉಳಿದವುಗಳಲ್ಲಿ ಕಾದಂಬರಿ, ಸಿನಿಮಾ, ಟಿವಿ, ಸಾಮಾಜಿಕ ವಿವಾದಗಳ ಚರ್ಚೆಯೇ ನಡೆಯುತ್ತಿತ್ತು ಎಂದು ಸಾಹಿತ್ಯ ವಿಮರ್ಶಕ ಸ್ಟ್ಯಾನ್ಲಿ ಫಿಶ್ 2009ರಲ್ಲಿ ಬರೆದರು. ವಸ್ತುವನ್ನೇ ಕಿತ್ತೊಗೆದು ವಾಕ್ಯರಚನೆಯನ್ನು ಮಾತ್ರ ಕಲಿಸಬೇಕೆಂದು ಅವರು 2005ರಲ್ಲೇ ವಾದಿಸಿದ್ದರು. ರೋಗವನ್ನು ಫಿಶ್ ಸರಿಯಾಗಿ ಗುರುತಿಸಿದರು, ಮದ್ದು ತಪ್ಪಿತು. ವ್ಯಾಕರಣವನ್ನು ಬಿಡಿಯಾಗಿ ಬೋಧಿಸುವುದರಿಂದ ಬರವಣಿಗೆ ಸುಧಾರಿಸದು ಎಂದು 1963ರ ಬ್ರ್ಯಾಡಕ್ ವರದಿಯೇ ಹೇಳಿತ್ತು. ಅದುವರೆಗಿನ ಅಧ್ಯಯನಗಳನ್ನು ಒಟ್ಟುಹಾಕಿ ಜಾರ್ಜ್ ಹಿಲಕ್ಸ್ 1986ರಲ್ಲಿ ಪ್ರಕಟಿಸಿದ ಸಮೀಕ್ಷೆಯಲ್ಲಿ ಹೆಚ್ಚು ಫಲ ಕಂಡದ್ದು, ವಿದ್ಯಾರ್ಥಿಗಳಿಗೆ ಸಾಮಗ್ರಿಯನ್ನು ಕೊಟ್ಟು, ಅದನ್ನು ನಿಗದಿತ ಪ್ರಶ್ನೆಗಳಿಂದ ಶೋಧಿಸಿ ಬರೆಯಿಸುವ ವಿಧಾನ. ಬಿಡಿ ವಾಕ್ಯಗಳನ್ನು ಕೂಡಿಸುವ ಅಭ್ಯಾಸಕ್ಕೂ ಅದರಲ್ಲಿ ಒಳ್ಳೆಯ ಅಂಕ ಸಿಕ್ಕಿತ್ತು. ವಸ್ತು ಬೇಕು, ಆದರೆ ಅದು ಕೈಯಾಳಾಗಿರಬೇಕು ಎಂಬುದೇ ಇದರ ಸಾರ. ಡಗ್ಲಸ್ ಡೌನ್ಸ್ ಮತ್ತು ಎಲಿಜಬೆತ್ ವಾರ್ಡಲ್ 2007ರಲ್ಲಿ ಬೇರೊಂದು ದಾರಿ ಸೂಚಿಸಿ, ಬರವಣಿಗೆಯ ಕುರಿತ ಸಂಶೋಧನೆಯನ್ನೇ ಓದಿಸಿ ಎಂದರು. ವಿಚಾರ ಗಟ್ಟಿಯಾದುದೇ. ಆದರೆ ಆ ಲೇಖನಗಳನ್ನು ಬರೆದಿರುವುದು ಪ್ರಾಧ್ಯಾಪಕರಿಗಾಗಿ, ಹದಿನೆಂಟರ ಓದುಗನಿಗಾಗಿ ಅಲ್ಲ.

ಹಳಹಳಿಕೆ ಮತ್ತೊಂದು ಅಪಾಯ. ದಶಕದ ವಸ್ತುವನ್ನು ಆರಿಸುವ ಮೇಷ್ಟ್ರು ಅನೇಕ ವೇಳೆ ತಮ್ಮ ಯೌವನವನ್ನೇ ಆರಿಸಿರುತ್ತಾರೆ. ಆಗ ತರಗತಿ ನೆನಪಿನ ಮೆರವಣಿಗೆಯಾಗುತ್ತದೆ, ವಿದ್ಯಾರ್ಥಿ ತಲೆಯಾಡಿಸುತ್ತಾನೆ. ಇದಕ್ಕೆ ಪರಿಹಾರವೆಂದರೆ ದಶಕ ತನ್ನೊಳಗೇ ಜಗಳವಾಡಿದ ಕಡೆಗಳನ್ನು ಹುಡುಕುವುದು. 1981ರ ಆಗಸ್ಟ್‌ನಲ್ಲಿ ಶುರುವಾದ ಸಂಗೀತ ವಾಹಿನಿ ಎಂಟಿವಿ ಮೊದಮೊದಲು ಕಪ್ಪು ಕಲಾವಿದರನ್ನು ಬಹಳ ಕಡಿಮೆ ತೋರಿಸುತ್ತಿತ್ತು. 1983ರಲ್ಲಿ ಗಾಯಕ ಡೇವಿಡ್ ಬೋವಿ ಅದೇ ವಾಹಿನಿಯ ಸಂದರ್ಶನದಲ್ಲಿ ಈ ಬಗ್ಗೆ ಮುಖಕ್ಕೇ ಕೇಳಿದರು. ಹೊಳಪಿನ ವಿಡಿಯೊಗಳನ್ನು ಮೆಚ್ಚಿ ಬರೆಯಿಸುವ ಕೋರ್ಸಿಗಿಂತ ಈ ಸಂದರ್ಶನದ ಪ್ರಶ್ನೋತ್ತರವನ್ನು ಬಿಡಿಸಿ ಬರೆಯಿಸುವ ಕೋರ್ಸು ಮೇಲು.

ಹೊರದೇಶದಿಂದ ಬಂದವರ ಪ್ರಶ್ನೆಯೂ ಇದೆ. ಬೆಂಗಳೂರಿನಿಂದಲೋ ಮಂಗಳೂರಿನಿಂದಲೋ ಪದವಿಗೆ ಅಲ್ಲಿಗೆ ಹೋದ ವಿದ್ಯಾರ್ಥಿಯೂ ಈ ಕೋರ್ಸಿಗೆ ಕೂರಬೇಕು. ಈಗಿನ ಅಮೆರಿಕನ್ ಟಿವಿ ಹಾಸ್ಯವೇ ಪಠ್ಯವಾದರೆ ಪಕ್ಕದಲ್ಲಿರುವ ಒಹಾಯೊದ ಹುಡುಗಿ ಆತನಿಗಿಂತ ನೂರು ಮಾರು ಮುಂದಿರುತ್ತಾಳೆ. 1985ರ ವಿಚಾರಣೆಯಾದರೆ ಇಬ್ಬರೂ ಬಹುಮಟ್ಟಿಗೆ ಒಂದೇ ಗೆರೆಯಿಂದ ಹೊರಡುತ್ತಾರೆ. ರೇಗನ್ ಯಾರು, ಸೆನೆಟ್ ಸಮಿತಿ ಎಂದರೇನು ಎಂಬ ಹಿನ್ನೆಲೆಯ ಟಿಪ್ಪಣಿಯನ್ನು ಮಾತ್ರ ಮೇಷ್ಟ್ರು ಮೊದಲೇ ಕೊಡಬೇಕು. ಅದನ್ನು ಕೊಡದೆ 'ಎಲ್ಲರಿಗೂ ಗೊತ್ತಿರುವ' ವಸ್ತು ಎಂದುಕೊಂಡರೆ ಆ ಎಲ್ಲರಲ್ಲಿ ಅರ್ಧ ತರಗತಿ ಇರುವುದಿಲ್ಲ.

ಇಷ್ಟೆಲ್ಲ ನಡೆಯಬೇಕಾದರೆ ಕರಡು ಓದಲು ಮೇಷ್ಟ್ರಿಗೆ ಸಮಯ ಬೇಕು. ಒಂದು ಬರವಣಿಗೆ ತರಗತಿಯಲ್ಲಿ 20ಕ್ಕಿಂತ ಹೆಚ್ಚು ವಿದ್ಯಾರ್ಥಿಗಳಿರಬಾರದು, 15 ಆದರೆ ಇನ್ನೂ ಒಳ್ಳೆಯದು ಎಂಬುದು ಅಮೆರಿಕದ ಬರವಣಿಗೆ ಶಿಕ್ಷಕರ ಸಂಘದ ನಿಲುವು. ಆದರೆ ಈ ಕೋರ್ಸನ್ನು ಹೆಚ್ಚಾಗಿ ನಡೆಸುವವರು ಸಂಶೋಧನಾ ವಿದ್ಯಾರ್ಥಿಗಳು ಮತ್ತು ನಮ್ಮ ಅತಿಥಿ ಉಪನ್ಯಾಸಕರಂತೆ ಕೋರ್ಸಿಗಿಷ್ಟು ಎಂದು ಸಂಬಳ ಪಡೆಯುವವರು. ನಾಲ್ಕಾರು ತರಗತಿಗಳ ನಡುವೆ ಓಡುವ ಅವರಿಗೆ ಪ್ರತಿ ಕರಡಿನ ಅಂಚಿನಲ್ಲಿ ಬರೆಯುವುದಕ್ಕಿಂತ ಒಂದು ಸಿನಿಮಾ ಹಾಕಿ ಚರ್ಚೆಗೆ ಬಿಡುವುದು ಸುಲಭ. ಪಠ್ಯ ಹಗುರವಾಯಿತು ಎಂದು ಕೂಗುವವರು ಈ ದುಡಿಮೆಯ ಲೆಕ್ಕ ಕೇಳುವುದಿಲ್ಲ.

ಆದ್ದರಿಂದ ಇಂಥ ಕೋರ್ಸನ್ನು ಅಳೆಯಬೇಕಾದುದು ಪಠ್ಯಪಟ್ಟಿ ನೋಡಿ ಅಲ್ಲ. ವಿದ್ಯಾರ್ಥಿ ಎಷ್ಟು ಪುಟ ಬರೆದ, ಎಷ್ಟು ಸಲ ತಿದ್ದಿ ಬರೆದ, ಸೆಮಿಸ್ಟರಿನ ಕೊನೆಯ ಪ್ರಬಂಧದಲ್ಲಿ ಎದುರಾಳಿಯ ವಾದವನ್ನು ಎದುರಾಳಿಯೇ ಒಪ್ಪುವಂತೆ ಹೇಳಿ ಆಮೇಲೆ ಉತ್ತರಿಸಿದನೇ ಎಂದು ನೋಡಬೇಕು. ಕೋರ್ಸು ಮುಗಿಸಿದವನಿಗೆ ದಶಕದ ಹಾಡುಗಳೆಲ್ಲ ಬಾಯಿಗೆ ಬಂದು ಒಂದು ಪ್ಯಾರಾ ನೆಟ್ಟಗೆ ಬರೆಯಲು ಬಾರದಿದ್ದರೆ ಟೀಕಾಕಾರರು ಗೆದ್ದಂತೆ. ಹಾಡು ಮರೆತುಹೋಗಿ, ರಸಾಯನಶಾಸ್ತ್ರದ ವರದಿಯಲ್ಲೂ ಆಧಾರವಿಲ್ಲದ ಮಾತನ್ನು ಹೊಡೆದುಹಾಕುವ ಅಭ್ಯಾಸ ಉಳಿದರೆ ಆ ಕೋರ್ಸಿಗೆ ಕೊಟ್ಟ ಶುಲ್ಕ ದಂಡವಲ್ಲ.