ದಮ್ಮಿನ ಜೊತೆಗೆ ಕಸುವು

ದೇಹಕ್ಕೆ ದಮ್ಮೂ ಬೇಕು, ಕಸುವೂ ಬೇಕು. ಹೃದಯ, ಶ್ವಾಸಕೋಶಗಳು ದಣಿಯದೆ ಬಹಳ ಹೊತ್ತು ದುಡಿಯುವುದು ದಮ್ಮು. ಭಾರ ಎತ್ತುವ, ತಳ್ಳುವ, ಎಳೆಯುವ, ಎಡವಿದಾಗ ಬೀಳದಂತೆ ತಡೆಯುವ ಸ್ನಾಯುಗಳ ಬಲ ಕಸುವು. ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿ ವಯಸ್ಕರಿಗೆ ವಾರಕ್ಕೆ 150ರಿಂದ 300 ನಿಮಿಷಗಳ ಸಾಧಾರಣ ಚಟುವಟಿಕೆಯನ್ನು, ಇಲ್ಲವೇ 75ರಿಂದ 150 ನಿಮಿಷಗಳ ಬಿರುಸಿನ ಚಟುವಟಿಕೆಯನ್ನು ಸೂಚಿಸುತ್ತದೆ. ಎಲ್ಲ ಪ್ರಮುಖ ಸ್ನಾಯುಗಳಿಗೂ ಕೆಲಸ ಕೊಡುವ ಬಲವರ್ಧಕ ವ್ಯಾಯಾಮವನ್ನು ವಾರಕ್ಕೆ ಕನಿಷ್ಠ 2 ದಿನ ಮಾಡಬೇಕೆಂದೂ ಅದರಲ್ಲೇ ಹೇಳಿದೆ. ಮೊದಲ ಸಲಹೆ ಜನರ ಕಿವಿಗೆ ಬಿದ್ದಿದೆ. ಬೆಂಗಳೂರಿನ ಲಾಲ್‌ಬಾಗ್‌ನಲ್ಲೂ ಮೈಸೂರಿನ ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೂ ಬೆಳಗಾದರೆ ನಡೆಯುವವರು, ಓಡುವವರು ಕಾಣಸಿಗುತ್ತಾರೆ. ಎರಡನೆಯದು ಪೈಲ್ವಾನರಿಗೆ, ಜಿಮ್‌ಗೆ ಹೋಗುವ ಹುಡುಗರಿಗೆ ಸೇರಿದ್ದು ಎಂಬ ಭಾವನೆ ಇನ್ನೂ ಹೋಗಿಲ್ಲ. ಈ ಭಾವನೆಯಿಂದ ಹೆಚ್ಚು ಕಳೆದುಕೊಳ್ಳುವವರು ನಡುವಯಸ್ಸು ದಾಟಿದವರು, ಅದರಲ್ಲೂ ಹೆಂಗಸರು.

ಮೂವತ್ತು ದಾಟಿದ ಮೇಲೆ ಸ್ನಾಯುಗಳು ಕರಗತೊಡಗುತ್ತವೆ. ದಶಕಕ್ಕೆ ಸುಮಾರು ಶೇ 3ರಿಂದ 8ರಷ್ಟು ಎಂಬುದು ಸಾಮಾನ್ಯ ಅಂದಾಜು. ಅರವತ್ತರ ನಂತರ ಇದು ಇನ್ನೂ ಚುರುಕಾಗುತ್ತದೆ. ಹೆಚ್ಚು ಸವೆಯುವವು ಥಟ್ಟನೆ ಬಲ ಹಾಕುವ ಎಳೆಗಳು. ಬಚ್ಚಲಲ್ಲಿ ಕಾಲು ಜಾರಿದಾಗ ಮೈ ಸಂಭಾಳಿಸಿಕೊಳ್ಳುವುದು ಅವುಗಳಿಂದಲೇ, ಮತ್ತು ನಿಧಾನದ ನಡಿಗೆ ಅವುಗಳಿಗೆ ಹೆಚ್ಚು ಕೆಲಸ ಕೊಡುವುದಿಲ್ಲ. ಊಟದ ನಂತರ ರಕ್ತಕ್ಕೆ ಸೇರುವ ಸಕ್ಕರೆಯ ದೊಡ್ಡ ಪಾಲನ್ನು ಹೀರಿಕೊಳ್ಳುವುದೂ ಸ್ನಾಯುಗಳೇ ಆದ್ದರಿಂದ ಮಧುಮೇಹ ಮನೆಮನೆಗೂ ಬಂದಿರುವ ನಾಡಿನಲ್ಲಿ ಅವುಗಳ ಸವೆತ ಸಣ್ಣ ವಿಷಯವಲ್ಲ. ಮುಟ್ಟು ನಿಂತ ಮೇಲೆ ಈಸ್ಟ್ರೋಜನ್ ಇಳಿದು ಹೆಂಗಸರ ಮೂಳೆಗಳು ಬೇಗ ಟೊಳ್ಳಾಗುತ್ತವೆ. ಭಾರ ಬಿದ್ದ ಮೂಳೆ ಗಟ್ಟಿಯಾಗಿ ಉಳಿಯುತ್ತದೆ.

ಕಸುವು ಬೆಳೆಸುವ ತತ್ವ ಒಂದೇ: ಸ್ನಾಯು ಈಗ ತಾಳಬಲ್ಲದ್ದಕ್ಕಿಂತ ತುಸು ಹೆಚ್ಚು ಕೇಳಬೇಕು, ಅದು ಒಗ್ಗಿಕೊಂಡ ಮೇಲೆ ಇನ್ನೂ ತುಸು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಸೇನಾ ವೈದ್ಯ ಥಾಮಸ್ ಡೆಲೋರ್ಮ್ ಇದನ್ನು ಗಾಯಾಳು ಸೈನಿಕರ ಮೇಲೆ ಪ್ರಯೋಗಿಸಿದರು. ಮಂಡಿಗೆ ಪೆಟ್ಟಾದವರಿಗೆ ಹಗುರ ಭಾರವನ್ನು ಹತ್ತಾರು ಬಾರಿ ಎತ್ತಿಸುವುದು ಆಗಿನ ರೂಢಿ. ಡೆಲೋರ್ಮ್ ಭಾರ ಹೆಚ್ಚಿಸಿ ಎಣಿಕೆ ಇಳಿಸಿದರು, ಬಲ ಬಂದಂತೆಲ್ಲ ಭಾರವನ್ನು ಏರಿಸುತ್ತಾ ಹೋದರು. 1945ರಲ್ಲಿ ಅವರು ಪ್ರಕಟಿಸಿದ ಈ ಕ್ರಮವೇ ಇಂದಿನ ಬಹುತೇಕ ತರಬೇತಿಯ ಬುನಾದಿ.

ಇದಕ್ಕೆ ಜಿಮ್ ಬೇಕೇ ಬೇಕೆಂದಿಲ್ಲ. ಗರಡಿಮನೆಯ ದಂಡ, ಬಸ್ಕಿಗಳು ಮೈಭಾರವನ್ನೇ ಬಳಸುವ ವ್ಯಾಯಾಮಗಳು. ಕನ್ನಡ ಓದುಗರಿಗೆ ‘ಶಾಂತಲಾ’, ‘ರೂಪದರ್ಶಿ’ ಕಾದಂಬರಿಗಳಿಂದ ಪರಿಚಿತರಾದ ಕೆ.ವಿ. ಅಯ್ಯರ್ ಬೆಂಗಳೂರಿನಲ್ಲಿ ವ್ಯಾಯಾಮಶಾಲೆ ನಡೆಸುತ್ತಿದ್ದವರು. ಅವರು ಭಾರ ಎತ್ತುವುದನ್ನೂ ಸೂರ್ಯನಮಸ್ಕಾರವನ್ನೂ ಒಟ್ಟಿಗೆ ಕಲಿಸಿದರು, ದೂರದವರಿಗೆ ಅಂಚೆಯ ಮೂಲಕವೂ ಪಾಠ ಕಳಿಸಿದರು. ಮನೆಯಲ್ಲೇ ಕಲಿಯುವ ವ್ಯಾಯಾಮಕ್ಕೆ ಈ ನಾಡಿನಲ್ಲಿ ಅಷ್ಟು ಹಳೆಯ ದಾರಿಯಿದೆ.

ಮನೆಯಲ್ಲಿ ಮಾಡುವಾಗ ಕಬ್ಬಿಣದ ತಟ್ಟೆ ಸೇರಿಸುವ ಬದಲು ಭಂಗಿಯನ್ನು ಕಷ್ಟಗೊಳಿಸುತ್ತಾ ಹೋಗಬೇಕು. ನೆಲದ ಮೇಲಿನ ಪುಶ್‌ಅಪ್‌ನಲ್ಲಿ ಮೈಭಾರದ ಸುಮಾರು ಮೂರನೇ ಎರಡು ಭಾಗ ಕೈಗಳ ಮೇಲೆ ಬೀಳುತ್ತದೆ, ಮಂಡಿಯೂರಿದರೆ ಹೆಚ್ಚುಕಡಿಮೆ ಅರ್ಧ, ಗೋಡೆಗೆ ಕೈಯಿಟ್ಟರೆ ಇನ್ನೂ ಕಡಿಮೆ. ಹಾಗಾಗಿ ಗೋಡೆಯಿಂದ ಅಡುಗೆಮನೆಯ ಕಟ್ಟೆಗೆ, ಅಲ್ಲಿಂದ ಗಟ್ಟಿ ಮಂಚದ ಅಂಚಿಗೆ, ಕೊನೆಗೆ ನೆಲಕ್ಕೆ ಇಳಿಯುವುದೇ ಸರಿಯಾದ ಏಣಿ. ಕಾಲಿಗೆ ಮೊದಲು ಕೈಯೂರದೆ ಕುರ್ಚಿಯಿಂದ ಏಳುವುದು, ಆಮೇಲೆ ಅರ್ಧ ಬಸ್ಕಿ, ಪೂರ್ತಿ ಬಸ್ಕಿ, ಬಳಿಕ ಪುಸ್ತಕ ತುಂಬಿದ ಚೀಲ ಹೊತ್ತು ಬಸ್ಕಿ. ಮನೆಯ ವ್ಯಾಯಾಮದಲ್ಲಿ ಸಾಮಾನ್ಯವಾಗಿ ತಪ್ಪಿಹೋಗುವುದು ಎಳೆಯುವ ಕೆಲಸ. ತಳ್ಳುವುದನ್ನಷ್ಟೇ ಮಾಡಿದರೆ ಎದೆ ಬಲಿತು ಬೆನ್ನು ಹಿಂದುಳಿಯುತ್ತದೆ. ಭಾರದ ಚೀಲವನ್ನು ಸೊಂಟದಿಂದ ಬಾಗಿ ಹೊಟ್ಟೆಯ ಕಡೆಗೆ ಎಳೆಯುವುದು, ಇಲ್ಲವೇ ಕಿಟಕಿಯ ಸರಳಿಗೆ ರಬ್ಬರ್ ಪಟ್ಟಿ ಕಟ್ಟಿ ಎಳೆಯುವುದು ಆ ಕೊರತೆಯನ್ನು ನೀಗಿಸುತ್ತದೆ. ಬೆನ್ನು ನೇರವಾಗಿರಬೇಕು, ಬಲ ಹಾಕುವಾಗ ಉಸಿರು ಬಿಗಿಹಿಡಿಯದೆ ಬಿಡಬೇಕು. ರಕ್ತದೊತ್ತಡ ಇರುವವರಿಗೆ ಈ ಕೊನೆಯ ಮಾತು ಬಹಳ ಮುಖ್ಯ.

ಇನ್ನು ಎರಡು ಮೂರು ಸಲ ಮಾಡಬಹುದಿತ್ತು ಎನಿಸುವಾಗ ನಿಲ್ಲಿಸಿದರೆ ಸಾಕು. ಅದೇ ಸ್ನಾಯುಗಳಿಗೆ ಮತ್ತೆ ಕೆಲಸ ಕೊಡುವ ಮುನ್ನ ಎರಡು ದಿನ ಬಿಡುವುದು ಒಳ್ಳೆಯದು. ಮೊದಲ ಕೆಲವು ವಾರಗಳಲ್ಲಿ ಹೆಚ್ಚುವ ಬಲಕ್ಕೆ ಮುಖ್ಯ ಕಾರಣ ನರಗಳು ಸ್ನಾಯುವನ್ನು ಚೆನ್ನಾಗಿ ದುಡಿಸಲು ಕಲಿಯುವುದು. ಸ್ನಾಯು ದಪ್ಪಗಾಗಿ ಕಾಣಲು ಒಂದೆರಡು ತಿಂಗಳಾದರೂ ಬೇಕು. ಕನ್ನಡಿಯಲ್ಲಿ ಏನೂ ಬದಲಾಗಲಿಲ್ಲವೆಂದು ಮೂರನೆಯ ವಾರಕ್ಕೇ ಬಿಟ್ಟುಬಿಡುವವರು, ಫಲ ಸಿಗತೊಡಗಿದ ಹೊತ್ತಿನಲ್ಲೇ ಅದನ್ನು ಕೈಬಿಡುತ್ತಾರೆ.

ವಯಸ್ಸಾಯಿತು ಎಂಬುದು ಹಿಂಜರಿಕೆಗೆ ಕಾರಣವಾಗಬಾರದು. ಮರಿಯಾ ಫಿಯಟರೋನ್ ಮತ್ತು ಸಂಗಡಿಗರು ಬಾಸ್ಟನ್‌ನ ವೃದ್ಧರ ಆರೈಕೆ ಕೇಂದ್ರವೊಂದರಲ್ಲಿ 86ರಿಂದ 96 ವಯಸ್ಸಿನ 10 ಮಂದಿಗೆ 8 ವಾರ ಕಾಲಿನ ಭಾರದ ವ್ಯಾಯಾಮ ಮಾಡಿಸಿ, ಫಲಿತಾಂಶವನ್ನು 1990ರಲ್ಲಿ ಪ್ರಕಟಿಸಿದರು. ಪೂರ್ತಿಗೊಳಿಸಿದವರ ಕಾಲಿನ ಬಲ ಸರಾಸರಿ ಶೇ 174ರಷ್ಟು ಏರಿತ್ತು, ನಡಿಗೆಯ ವೇಗವೂ ಹೆಚ್ಚಿತ್ತು. ಪ್ರಯೋಗ ಚಿಕ್ಕದು, ಆದರೆ ತೊಂಬತ್ತರಲ್ಲೂ ಸ್ನಾಯು ಕಲಿಯುತ್ತದೆ ಎಂದು ಅದು ತೋರಿಸಿಕೊಟ್ಟಿತು.

ಓಟದ ಲೆಕ್ಕ ಬೇರೆ. ಪ್ರತಿ ಹೆಜ್ಜೆಗೂ ಮೈಭಾರದ ಎರಡರಿಂದ ಮೂರು ಪಟ್ಟು ಒತ್ತಡ ಕಾಲಿನ ಮೇಲೆ ಬೀಳುತ್ತದೆ. ಹೊಸಬರ ದಮ್ಮು ಕೆಲವೇ ವಾರಗಳಲ್ಲಿ ಹೆಚ್ಚುತ್ತದೆ, ಆದರೆ ಮೂಳೆ ಮತ್ತು ಸ್ನಾಯುರಜ್ಜುಗಳು ಬಲಿಯಲು ತಿಂಗಳುಗಳೇ ಬೇಕು. ಉಸಿರು ಸಾಲುತ್ತದೆಂದು ದೂರ ಹೆಚ್ಚಿಸಿದಾಗ ಮೊಳಕಾಲಿನ ಕೆಳಗಿನ ಮೂಳೆ, ಹಿಮ್ಮಡಿ ನೋಯತೊಡಗುವುದು ಇದೇ ಕಾರಣಕ್ಕೆ. ಓಟ, ನಡಿಗೆಗಳನ್ನು ಬೆರೆಸಿ, ಮಾತಾಡುತ್ತಾ ಓಡಬಲ್ಲ ವೇಗದಲ್ಲಿ ಆರಂಭಿಸುವುದು ಕ್ಷೇಮ. ಓಡಿದರೆ ಮಂಡಿ ಸವೆಯುತ್ತದೆ ಎಂಬ ಹೆದರಿಕೆಗೆ ಆಧಾರ ಸಾಲದು. ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿದ 2017ರ ವಿಶ್ಲೇಷಣೆಯೊಂದರಲ್ಲಿ ಮಂಡಿ ಅಥವಾ ಸೊಂಟದ ಕೀಲುಸವೆತ ಹವ್ಯಾಸಕ್ಕೆ ಓಡುವವರಲ್ಲಿ ಶೇ 3.5ರಷ್ಟು, ಓಡದೆ ಕುಳಿತಿರುವವರಲ್ಲಿ ಶೇ 10.2ರಷ್ಟು ಕಂಡುಬಂದಿತ್ತು. ಸ್ಪರ್ಧೆಗಾಗಿ ಓಡುವವರಲ್ಲಿ ಮಾತ್ರ ಅದು ಹೆಚ್ಚಿತ್ತು. ಬಸ್ಕಿ, ಹಿಮ್ಮಡಿ ಎತ್ತುವ ವ್ಯಾಯಾಮಗಳಿಂದ ಕಾಲು ಬಲಿತವರಿಗೆ ಓಟವೂ ಹಗುರ.

ವಾರದಲ್ಲಿ ಎರಡು ದಿನ ಕಸುವಿಗೆ, ಮೂರು ದಿನ ಓಟಕ್ಕೆ ಅಥವಾ ಬಿರುಸು ನಡಿಗೆಗೆ ಎಂದು ಇಟ್ಟುಕೊಂಡರೆ ದುಡಿಯುವವರಿಗೂ ಹೊರೆಯಾಗದು. ಊಟದ ಕಡೆಗೂ ಗಮನ ಬೇಕು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಶಿಫಾರಸಿನಂತೆ ವಯಸ್ಕರಿಗೆ ದಿನಕ್ಕೆ ಕಿಲೋ ಮೈತೂಕಕ್ಕೆ 0.83 ಗ್ರಾಂ ಪ್ರೋಟೀನ್ ಬೇಕು, ಅಂದರೆ 60 ಕಿಲೋ ತೂಗುವವರಿಗೆ ಸುಮಾರು 50 ಗ್ರಾಂ. ಅನ್ನ, ತಿಳಿಸಾರಿನಲ್ಲಿ ಇಷ್ಟು ಸಿಗುವುದಿಲ್ಲ; ಹೆಸರುಕಾಳು, ಹುರುಳಿ, ಮೊಸರು, ಮೊಟ್ಟೆ, ಮೀನುಗಳಲ್ಲಿ ಯಾವುದಾದರೂ ತಟ್ಟೆಗೆ ಬರಬೇಕು. ಹೃದ್ರೋಗ, ಹತೋಟಿಗೆ ಬಾರದ ರಕ್ತದೊತ್ತಡ ಇರುವವರು ವೈದ್ಯರನ್ನು ಕೇಳಿಯೇ ಶುರು ಮಾಡಬೇಕು. ಮರುದಿನದ ಮೈಕೈನೋವು ಸಹಜ. ಕೀಲಿನೊಳಗೆ ಚುಚ್ಚುವ ನೋವು, ಎದೆ ಹಿಂಡುವ ನೋವು, ತಲೆಸುತ್ತು ಬಂದರೆ ಅಲ್ಲಿಗೇ ನಿಲ್ಲಿಸಬೇಕು.