ಇಲಿಯನ್ನು ಕಾಪಾಡಿದ ಕಷಾಯ ಮನುಷ್ಯನನ್ನು ಕಾಪಾಡೀತೇ?

ಹೊಳೆಮತ್ತಿಯ ತೊಗಟೆಯು ಹೃದಯಾಘಾತವನ್ನು ತಡೆಯುವುದೆಂದು ವಿಜ್ಞಾನಿಗಳು ಸಿದ್ಧಮಾಡಿ ತೋರಿಸಿರುವರೆಂಬ ಲೇಖನಗಳನ್ನು ನಮ್ಮ ಕಾರ್ಯಾಲಯಕ್ಕೆ ಕಳುಹಿಸುವ ಮಹನೀಯರ ಸಂಖ್ಯೆ ಕಡಿಮೆಯೇನಲ್ಲ. ಬೆಳ್ಳುಳ್ಳಿ, ಅರಸಿನ, ದಾಳಿಂಬೆಗಳ ಪರವಾಗಿಯೂ ಇಂತಹವೇ ಬರುತ್ತವೆ. ಅವರ ಸದುದ್ದೇಶದಲ್ಲಿ ನಮಗೆ ಸಂದೇಹವಿಲ್ಲ. ಆದರೆ ಆ ಪ್ರಯೋಗಗಳಲ್ಲಿ ಬಹುಪಾಲು ಇಲಿಗಳ ಮೇಲೆ ನಡೆದಿರುವುವೆಂಬ ಒಂದು ಮಾತನ್ನು ಈ ಲೇಖನಗಳು ಮರೆತೇಬಿಡುತ್ತವೆ. ಅವುಗಳ ಸ್ವರೂಪವೇನೆಂಬುದನ್ನು ವಾಚಕರ ಮುಂದಿಡುವುದು ನಮ್ಮ ಕರ್ತವ್ಯವೆಂದು ಭಾವಿಸಿದ್ದೇವೆ.

ಐಸೋಪ್ರೊಟೆರಿನಾಲ್ ಎಂಬ ರಾಸಾಯನಿಕವನ್ನು ಅಧಿಕ ಪ್ರಮಾಣದಲ್ಲಿ ಚುಚ್ಚಿದರೆ ಇಲಿಯ ಹೃದಯಸ್ನಾಯುವಿನಲ್ಲಿ ಹೃದಯಾಘಾತವನ್ನು ಹೋಲುವ ಹಾನಿಯುಂಟಾಗುವುದೆಂದು ರೋನಾ ಮತ್ತು ಅವರ ಸಹೋದ್ಯೋಗಿಗಳು 1959ರಲ್ಲಿ ಪ್ರಕಟಿಸಿದರು. ವಿಧಾನವು ಸುಲಭ, ವೆಚ್ಚವೂ ಸ್ವಲ್ಪ. ಆದುದರಿಂದಲೇ ಅದು ನಮ್ಮ ದೇಶದ ಪ್ರಯೋಗಶಾಲೆಗಳಲ್ಲಿಯೂ ಬಲವಾಗಿ ಬೇರೂರಿತು. ಇಲಿಗಳಿಗೆ ಮೂರು ನಾಲ್ಕು ವಾರ ಮೊದಲೇ ಮೂಲಿಕೆಯ ಸಾರವನ್ನು ಕುಡಿಸುವರು. ಅನಂತರ ದೇಹತೂಕದ ಕಿಲೋಗ್ರಾಮಿಗೆ ಸಾಮಾನ್ಯವಾಗಿ 85 ಮಿಲಿಗ್ರಾಮಿನಂತೆ ರಾಸಾಯನಿಕವನ್ನು ಎರಡು ದಿನ ಚುಚ್ಚುವರು. ಒಡೆದ ಜೀವಕೋಶಗಳಿಂದ ರಕ್ತಕ್ಕೆ ಸೋರಿದ ಕಿಣ್ವಗಳನ್ನು ಅಳೆದು, ಇಲಿಯನ್ನು ಕೊಂದು, ಹೃದಯವನ್ನು ಸೂಕ್ಷ್ಮದರ್ಶಕದಡಿ ಪರೀಕ್ಷಿಸುವರು. ಸಾರ ಕುಡಿದ ಇಲಿಯಲ್ಲಿ ಹಾನಿ ಕಡಿಮೆ ಕಂಡುಬಂದರೆ ಆ ಮೂಲಿಕೆಗೆ 'ಹೃದಯರಕ್ಷಕ'ವೆಂಬ ಬಿರುದು ದೊರೆಯುವುದು.

ಇಲ್ಲಿ ಎರಡು ಪ್ರಶ್ನೆಗಳೇಳುತ್ತವೆ. ಮೊದಲನೆಯದಾಗಿ, ಇಲಿಗೆ ವಿಷವೇರುವ ದಿನ ಪ್ರಯೋಗ ಮಾಡುವವರಿಗೆ ಮುಂಚಿತವಾಗಿಯೇ ಗೊತ್ತು. ನಮಗಾದರೋ ಹೃದಯಾಘಾತವು ತಿಥಿ ನೋಡಿಕೊಂಡು ಬರುವುದಿಲ್ಲ. ಎರಡನೆಯದಾಗಿ, ಇಲಿಯದು ಎಳೆಯ ಪ್ರಾಯ, ಶುಭ್ರವಾದ ರಕ್ತನಾಳ. ಮನುಷ್ಯನ ರೋಗವಾದರೋ ಹತ್ತಾರು ವರ್ಷ ರಕ್ತನಾಳಗಳಲ್ಲಿ ಕೊಬ್ಬು ಕಟ್ಟಿ, ಕೊನೆಗೊಂದು ದಿನ ಹೆಪ್ಪುಗಟ್ಟಿದ ರಕ್ತವು ದಾರಿಯನ್ನು ಮುಚ್ಚುವುದರಿಂದ ಬರತಕ್ಕದ್ದು. ಕಾರಣವೇ ಬೇರೆಯಾದಾಗ ಒಂದರ ಮದ್ದು ಇನ್ನೊಂದಕ್ಕೆ ತಾನಾಗಿ ಸಲ್ಲುವುದೆಂದು ನಂಬುವುದೆಂತು?

ಹಾಗೆಂದ ಮಾತ್ರಕ್ಕೆ ಪ್ರಾಣಿಪ್ರಯೋಗವೆಲ್ಲವೂ ವ್ಯರ್ಥವೆಂದು ನಮ್ಮ ವಾದವಲ್ಲ. ಡಾಕ್ಸೊರುಬಿಸಿನ್ ಎಂಬ ಕೆಂಪು ಬಣ್ಣದ ಔಷಧವನ್ನು ನೋಡಿರಿ. ಪರೇಲಿನ ಟಾಟಾ ಆಸ್ಪತ್ರೆಗೆ ನಮ್ಮ ನಾಡಿನಿಂದ ಬಂದು ಬಂಧುಗಳ ಮನೆಯಲ್ಲಿಳಿಯುವ ಎಷ್ಟೋ ಕುಟುಂಬಗಳಿಗೆ ಅದರ ಪರಿಚಯವುಂಟು. ಅದು ಕ್ಯಾನ್ಸರನ್ನು ದಮನಮಾಡುವುದು. ಆದರೆ ಹೃದಯವನ್ನೂ ಕೆಡಿಸುವುದು. ಒಟ್ಟು ಪ್ರಮಾಣವು ದೇಹಮೈಯ ಚದರ ಮೀಟರಿಗೆ 550 ಮಿಲಿಗ್ರಾಮನ್ನು ಮೀರಿದರೆ ಅಪಾಯವು ತೀವ್ರವಾಗಿ ಏರುವುದು. ಇಲ್ಲಿ ವಿಷವೇರುವ ದಿನ ವೈದ್ಯರಿಗೆ ಗೊತ್ತು, ವಿಷವೂ ಪ್ರಾಣಿಗೆ ಕೊಟ್ಟದ್ದೇ. ಮೊಲ, ನಾಯಿ ಮೊದಲಾದ ಪ್ರಾಣಿಗಳಲ್ಲಿ ಗುಣ ತೋರಿದ ಡೆಕ್ಸ್‌ರಜೋಕ್ಸೇನ್ ಮನುಷ್ಯರ ಮೇಲಿನ ಪರೀಕ್ಷೆಯಲ್ಲಿಯೂ ಗೆದ್ದು, 1995ರಲ್ಲಿ ಅಮೆರಿಕೆಯಲ್ಲಿ ಮಂಜೂರಾಯಿತು. ಹೃದಯಕೋಶದಲ್ಲಿರುವ ಒಂದು ಕಿಣ್ವವೇ ಈ ಹಾನಿಗೆ ಮುಖ್ಯ ದ್ವಾರವೆಂಬುದನ್ನು 2012ರಲ್ಲಿ ತಿಳಿಸಿಕೊಟ್ಟವೂ ಇಲಿಗಳೇ. ಪ್ರಶ್ನೆ ಸರಿಯಾಗಿದ್ದರೆ ಪ್ರಾಣಿಯ ಬಲಿಗೆ ಅರ್ಥವುಂಟು ಎಂಬುದಕ್ಕೆ ಇದಕ್ಕಿಂತ ನಿದರ್ಶನ ಬೇಕೇ?

ಆದುದರಿಂದ ನಮ್ಮ ಆಗ್ರಹವಿಷ್ಟು. ಒಂದೇ ರಾಸಾಯನಿಕವನ್ನು ಚುಚ್ಚಿ, ಮೂಲಿಕೆಯನ್ನು ಮಾತ್ರ ಬದಲಿಸುತ್ತ, ಪದವಿಗಾಗಿ ಮತ್ತೆ ಮತ್ತೆ ಇಲಿಗಳನ್ನು ಕೊಲ್ಲುವ ಪರಿಪಾಠವು ನಿಲ್ಲಬೇಕು. ಶ್ರೀಮತಿ ರುಕ್ಮಿಣೀದೇವಿ ಅರುಂಡೇಲರ ಪ್ರಯತ್ನದ ಫಲವಾಗಿ ಬಂದ 1960ರ ಪ್ರಾಣಿಹಿಂಸಾ ನಿವಾರಣಾ ಕಾನೂನಿನನ್ವಯ ಪ್ರಯೋಗಗಳ ಮೇಲ್ವಿಚಾರಣೆಗೆ ಸಮಿತಿಯ ವ್ಯವಸ್ಥೆಯಿದೆ. ಸಂಸ್ಥೆಗಳ ನೈತಿಕ ಸಮಿತಿಗಳು ಅನುಮತಿ ಕೊಡುವ ಮುನ್ನ 'ಇದರಿಂದ ಹೊಸತೇನು ತಿಳಿಯುವುದು?' ಎಂದು ಕಟ್ಟುನಿಟ್ಟಾಗಿ ಕೇಳಬೇಕು. ಹೊಳೆಮತ್ತಿಯಲ್ಲಿ ನಿಜವಾಗಿಯೂ ಸತ್ತ್ವವಿದ್ದರೆ—ಇರಲೂಬಹುದು—ಆ ಹಣವನ್ನು ಮನುಷ್ಯರ ಮೇಲಿನ ದೊಡ್ಡ, ಕ್ರಮಬದ್ಧ ಪರೀಕ್ಷೆಗೆ ವಿನಿಯೋಗಿಸಲಿ. ಆಯುರ್ವೇದಕ್ಕೆ ಅದಕ್ಕಿಂತ ಹೆಚ್ಚಿನ ಗೌರವವಿಲ್ಲ.

ಪತ್ರಿಕೆಗಳ ಹೊಣೆಯೂ ಚಿಕ್ಕದಲ್ಲ. ಹೃದ್ರೋಗವನ್ನು ಗುಣಪಡಿಸುವೆವೆಂಬ ಔಷಧದ ಜಾಹೀರಾತುಗಳನ್ನು 1954ರ ಕಾನೂನು ನಿಷೇಧಿಸಿದೆ. ಜಾಹೀರಾತಿನಲ್ಲಿ ಸಲ್ಲದ ಮಾತು ಸುದ್ದಿಯ ವೇಷದಲ್ಲಿ ಬಂದರೆ ಸಲ್ಲುವುದೇ? ಇಲಿಯ ಮೇಲಿನ ಪ್ರಯೋಗವನ್ನು ಇಲಿಯದೆಂದು ಶಿರೋನಾಮೆಯಲ್ಲಿಯೇ ಹೇಳದ ಲೇಖನಕ್ಕೆ ಈ ಪತ್ರಿಕೆಯಲ್ಲಿ ಇನ್ನು ಸ್ಥಳವಿಲ್ಲ.

ಊರು ಬಿಟ್ಟು ಬಂದು, ಹೊತ್ತಲ್ಲದ ಹೊತ್ತಿನಲ್ಲಿ ಉಂಡು, ನಿದ್ದೆಗೆಟ್ಟು ದುಡಿಯುವ ನಮ್ಮ ಬಾಂಧವರಲ್ಲಿ ಹೃದ್ರೋಗವು ಅಪರೂಪವಲ್ಲ. ಅವರಲ್ಲಿ ನಮ್ಮ ವಿನಂತಿಯೊಂದೇ: ಕಷಾಯ ಕುಡಿಯುವ ಇಚ್ಛೆಯಿದ್ದರೆ ವೈದ್ಯರಿಗೆ ತಿಳಿಸಿ ಕುಡಿಯಿರಿ, ಆದರೆ ಅದನ್ನು ನಂಬಿ ಅವರು ಬರೆದುಕೊಟ್ಟ ಮಾತ್ರೆಯನ್ನು ಒಂದು ದಿನವೂ ಬಿಡಬೇಡಿರಿ. ಎದೆಯಲ್ಲಿ ನೋವು ಕಾಣಿಸಿಕೊಂಡರೆ ಅಂಗಡಿಯ ಬಾಗಿಲು ಹಾಕುವ ತನಕವೂ ಕಾಯದೆ ಆಸ್ಪತ್ರೆಗೆ ಹೊರಡಿರಿ.